ಮೈಸ್ಕೆಯ ಲೋಗೋ, ನಲವತ್ತು ಅಂಗಿ

ಗುನಾದಿ: ಯಾರು ತೀರಿಕೊಂಡ್ರು ಅಂತ ಕೇಳಿದ್ರು ಮಾರಾಯ, ನಮ್ಮಮ್ಮ! ಈ ಅಂಗಿ ತೊಟ್ಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಎಂಬತ್ತಾರು ವರ್ಷ ಅವರಿಗೆ, ಕಣ್ಣು ಮಂಜು. ಬಾಗಿಲಲ್ಲೇ ನಿಂತು, ‘ಎಷ್ಟು ಹೊತ್ತಿಗಪ್ಪಾ ಮಣ್ಣು?’ ಅಂದ್ರು.

ವಿರ್ಯಾಂತೊ: ಕಣ್ಣು ಮಂಜು ಅಂತ ನೀನೇ ಹೇಳ್ತಿದೀಯ, ಮಾಸ್.

ಗುನಾದಿ: ಮಂಜಾದ ಕಣ್ಣಿಗೇ ಕಾಣಿಸ್ತು. ನಿನ್ನ ಕಣ್ಣಿಗೆ ಏನಾಗಿತ್ತು?

ಗುನಾದಿ ನಿವೃತ್ತ ಹೆಡ್‌ಮಾಸ್ತರ. ಟೆನಿಸ್ ತಾರೆ ಮೈಸ್ಕೆಯ ಅಭಿಮಾನಿ ಸಂಘದ ಜಾವಾದ ಸುರಕರ್ತ ಊರಿನ ಶಾಖೆಗೆ ಅಧ್ಯಕ್ಷ. ಆ ಊರಿನಲ್ಲಿ ಮಾಸ್ ಅಂದರೆ ಅಣ್ಣ, ಬು ಅಂದರೆ ಅಮ್ಮ. ವಿರ್ಯಾಂತೊ ಶಾಖೆಯ ಉಪಾಧ್ಯಕ್ಷ. ಅದಕ್ಕೂ ಮೊದಲು ಲವೆಯಾನ್ ಕೇರಿಯ ಬಾಟಿಕ್ ವ್ಯಾಪಾರಿ, ಮೂರನೆಯ ತಲೆಮಾರಿನವನು. ಆ ಕೇರಿಯ ಪದ್ಧತಿಯಂತೆ ವ್ಯಾಪಾರ ಮಾಡುವವಳು ಹೆಂಡತಿ, ವ್ಯಾಪಾರಿ ಅನ್ನಿಸಿಕೊಳ್ಳುವವನು ಗಂಡ. ಮೂವತ್ತೈದು ವರ್ಷ ಅದು ಹಾಗೆ ಸುಖವಾಗಿಯೇ ನಡೆದಿತ್ತು. ಸಂಘದ ಈ ನಲವತ್ತು ಅಂಗಿಗಳದ್ದು ಮಾತ್ರ, ‘ಇದು ಟೆನಿಸ್ಸಿನ ವಿಷಯ, ನೀನು ತಲೆ ಹಾಕಬೇಡ’ ಎಂದು ಹೆಂಡತಿ ವಾರ್ಸಿನಿಗೆ ಹೇಳಿ, ಅವನು ಸ್ವಂತ ಬುದ್ಧಿಯಿಂದ ಮಾಡಿಸಿದ ಮೊದಲ ಕೆಲಸ. ಇವತ್ತು ಶುಕ್ರವಾರ. ನಾಡಿದ್ದು ಭಾನುವಾರ ಮೈಸ್ಕೆ ಇದೇ ಊರಿನಲ್ಲಿ ಥಾಯ್ ಹುಡುಗಿಯೆದುರು ಆಡುವವಳಿದ್ದಳು.

ವಿರ್ಯಾಂತೊ: ಜಕಾರ್ತದಿಂದ ಅವಳ ಮ್ಯಾನೇಜರ್ ಕಳಿಸಿದ ಲೋಗೋ ಕಣೋ ಅದು. ಒಂದು ಚೌಕ. ಮೂಲೆಯಿಂದ ಮೂಲೆಗೆ ಎರಡು ಗೆರೆ, ಅಂದ್ರೆ ಎರಡು ರಾಕೆಟ್ಟು. ನಾಲ್ಕು ತ್ರಿಕೋನ, ಒಂದೊಂದರಲ್ಲೂ ಒಂದು ಚುಕ್ಕೆ. ಅದು ಬಾಲು.

ಗುನಾದಿ: ನಾಲ್ಕು ಬಾಲು ಇಟ್ಕೊಂಡು ಯಾರಾದ್ರೂ ಟೆನಿಸ್ ಆಡ್ತಾರಾ?

ವಿರ್ಯಾಂತೊ: ಕಾಗದ ಬಂದ ದಿನ ಈ ಮಾತು ಕೇಳಿದ್ಯಾ? ‘ಆಹಾ, ಎಂಥಾ ಆಳ’ ಅಂತ ಎರಡು ಸಲ ಕಣ್ಣೊರೆಸ್ಕೊಂಡೆ.

ಗುನಾದಿ: ನಿಜ ಹೇಳ್ಲಾ? ನಂಗೆ ಅದು ಅಂಚೆ ಲಕೋಟೆಯ ಹಿಂಭಾಗದ ಹಾಗೆ ಕಾಣ್ತು. ಬಾಯಿಬಿಟ್ರೆ ಅಧ್ಯಕ್ಷನಿಗೇ ತಿಳಿಯಲ್ಲ ಅಂತಾರೆ ಅಂತ ಸುಮ್ನಾದೆ.

ವಿರ್ಯಾಂತೊ: ನಂಗೆ ಬಾಳೆಲೆಯಲ್ಲಿ ಕಟ್ಟಿದ ತೆಂಪೆ ತಿಂಡಿಯ ಪೊಟ್ಟಣ ಕಾಣ್ತು. ನೀನು ಆಹಾ ಅಂದ್ಯಲ್ಲ, ಅದಕ್ಕೆ ನಾನೂ ಅಂದೆ.

ಗುನಾದಿ: ಈಗೇನು ಕಾಣುತ್ತೆ ನೋಡೋಣ. ಒಂದು ಅಂಗಿ ಆ ಹಗ್ಗಕ್ಕೆ ಹಾಕು. ಹತ್ತು ಹೆಜ್ಜೆ ಹಿಂದಕ್ಕೆ ಬಾ.

ವಿರ್ಯಾಂತೊ ಅಂಗಳದ ಹಗ್ಗಕ್ಕೆ ಅಂಗಿ ನೇತುಹಾಕಿ, ಸೋಲದವನ ಠೀವಿಯಿಂದಲೇ ಹಿಂದೆ ಸರಿದ. ಆರನೆಯ ಹೆಜ್ಜೆಗೆ ರಾಕೆಟ್ಟು ಮಾಯವಾಯಿತು. ಎಂಟನೆಯದಕ್ಕೆ ಬಾಲೂ ಹೋಯಿತು. ಹತ್ತನೆಯದಕ್ಕೆ ಹಗ್ಗದ ಮೇಲೆ ತೂಗುತ್ತಿದ್ದದ್ದು ಅಪ್ಪಟ ಸ್ಲೊಬೊಗ್: ಹೆಣಕ್ಕೆ ಹೊದಿಸುವ ನಮೂನೆ, ಮಣ್ಣಿಗೆ ಹೋಗುವವರು ಉಡುವ ನಮೂನೆ, ಅವನಜ್ಜಿ ಅಂಗಡಿಯಲ್ಲಿ ಬೇರೆಯೇ ಕಪಾಟಿನಲ್ಲಿಡುತ್ತಿದ್ದ ನಮೂನೆ. ಮೂರು ವಾರ ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ್ದು ಕಾಗದದ ಮೇಲಿನ ಒಂದೇ ಒಂದು ಲೋಗೋವನ್ನು. ಬಟ್ಟೆಯ ತುಂಬ ಅಂಥವು ಸಾವಿರ ಒಟ್ಟಿಗೆ ನಿಂತರೆ ಏನಾಗುತ್ತದೆಂದು ನೋಡುವುದು ಎಂದಿನಿಂದಲೂ ಹೆಂಡತಿಯ ಕೆಲಸವಾಗಿತ್ತು.

ವಿರ್ಯಾಂತೊ: (ಗಂಟಲು ಸರಿಮಾಡಿಕೊಂಡು) ಅಧಿಕಾರಿಗಳು ಅಧಿಕಾರ ವಹಿಸ್ಕೊಳ್ಳುವಾಗಲೂ ಸ್ಲೊಬೊಗ್ ಉಡ್ತಾರೆ. ದಾರಿ ಸಲೀಸಾಗ್ಲಿ ಅಂತ. ಶುಭವೇ ಅದು.

ಗುನಾದಿ: ಹೆಣಕ್ಕೂ ಅದೇ ಹಾರೈಕೆ.

ವಿರ್ಯಾಂತೊ: ಮೈಸ್ಕೆ ಕ್ವಾರ್ಟರ್ ಫೈನಲಿನಲ್ಲಿ ಅಧಿಕಾರ ವಹಿಸ್ಕೊಳ್ತಾಳೆ ಅಂದ್ಕೊ.

ಗುನಾದಿ: ಮಲಗಿಕೊಂಡಾ?

ವಿರ್ಯಾಂತೊ: ಅವಳು ಮನಾಡೊ ಕಡೆಯವಳು. ನಮ್ಮ ಜಾವಾದ ಕಟ್ಟುಕಟ್ಟಳೆ ಅವಳಿಗೆಲ್ಲಿ ಗೊತ್ತಾಗುತ್ತೆ?

ಗುನಾದಿ: ಅವಳ ಕೋಚು ಇಲ್ಲೇ ಜಾವಾದ ಜೋಗ್ಜದವನು. ನೋಡೋಕೆ ಬರೋರು ಸುರಕರ್ತದವರು. ನಲವತ್ತು ಜನ ಸಾಲಾಗಿ ಕೂತು ಚಪ್ಪಾಳೆ ತಟ್ಟಿದ್ರೆ, ಪಕ್ಕದವನು ನಮ್ಮ ಕೈ ಹಿಡ್ಕೊಂಡು ‘ಧೈರ್ಯ ತಂದ್ಕೊಳ್ಳಿ’ ಅಂತಾನೆ. ಅದೂ ಹೋಗ್ಲಿ. ಆಟಕ್ಕೆ ಮುಂಚೆ ಅಂಕಣಕ್ಕಿಳಿದು ಇದೇ ಬಟ್ಟೆಯ ಶಾಲು ಅವಳ ಹೆಗಲಿಗೆ ಹೊದಿಸೋದು ಯಾರು? ನಾನು! ಟೀವಿಯಲ್ಲಿ! ಜೀವಂತ ಹುಡುಗಿಗೆ!

ವಿರ್ಯಾಂತೊ: ಸ್ವಲ್ಪ ಮೆಲ್ಲಗೆ. ಒಳಗೆ ಇದಾಳೆ.

ಗುನಾದಿ: ನಿಂದಿರ್ಲಿ ಹೆಂಡತಿ ಭಯ. ಭಾನುವಾರ ಕಳೆದ ಮೇಲೆ ನನ್ನನ್ನ ಯಾರು ಹೆಡ್‌ಮಾಸ್ತರ ಅಂತಾರೆ? ನಿನ್ನನ್ನ ಯಾರು ಬಾಟಿಕ್ ಮನೆಯವನು ಅಂತಾರೆ?

ಆ ಎರಡನೆಯ ಪ್ರಶ್ನೆ ವಿರ್ಯಾಂತೊಗೆ ನಾಟಿತು. ಸ್ಲೊಬೊಗ್ ಗುರುತು ಹಿಡಿಯಲಾರದ ಲವೆಯಾನಿನವನು ಅಂದರೆ ಅಕ್ಕಿಗೂ ಬತ್ತಕ್ಕೂ ವ್ಯತ್ಯಾಸ ತಿಳಿಯದ ಅಂಗಡಿಯವನು. ಅಂಗಿಯ ಅಂಚಿನಲ್ಲಿ ಅವನಜ್ಜನ ಹೆಸರು ಬೇರೆ ಇತ್ತು.

ವಿರ್ಯಾಂತೊ: ಒಳಮುಖ ಹೊರಗೆ ಮಾಡಿ ತೊಟ್ಕೊಂಡ್ರೆ?

ಗುನಾದಿ ಒಂದು ಅಂಗಿಯನ್ನು ಮಗುಚಿ ನೋಡಿದ.

ಗುನಾದಿ: ಎರಡು ಕಡೆಯೂ ಒಂದೇ ಇದೆಯಲ್ಲೋ!

ವಿರ್ಯಾಂತೊ: ಇರಲೇಬೇಕಲ್ಲ! ಮೇಣದ ಅಚ್ಚು ಎರಡೂ ಕಡೆ ಒತ್ತಿಸೋದು ನಮ್ಮನೆ ಪದ್ಧತಿ. ಒಂದು ಕಡೆ ಮಾತ್ರ ಕಾಣೋ ಯಂತ್ರದ ಪ್ರಿಂಟು ನಾವು ಮಾರಲ್ಲ... (ತಡೆದು) ಜೀವಮಾನದಲ್ಲಿ ಒಂದ್ಸಲ ಮೋಸ ಮಾಡಿದ್ರೆ ಇವತ್ತು ಬಚಾವಾಗ್ತಿದ್ದೆ.

ಗುನಾದಿ: ಲೋಗೋ ಹಸಿರು, ಕಿತ್ತಳೆ ಬಣ್ಣದಲ್ಲಿ ಬಂದಿತ್ತಲ್ಲ. ಇದ್ಯಾಕೆ ಕಂದು, ಕಪ್ಪು?

ವಿರ್ಯಾಂತೊ: ಅಂಥ ಬಣ್ಣ ನಮ್ಮ ಬಾನಿಯಲ್ಲಿ ಇಳಿದದ್ದೇ ಇಲ್ಲ. ನಮ್ಮೂರ ಬಣ್ಣಕ್ಕೊಂದು ಗೌರವ ಅಂತ ಇದೆ.

ಗುನಾದಿ: ಮಧ್ಯೆ ಮಧ್ಯೆ ಒಂಚೂರು ಜಾಗ ಬಿಡೋಕಾಗ್ತಿರ್ಲಿಲ್ವಾ?

ವಿರ್ಯಾಂತೊ: ಖಾಲಿ ಬಟ್ಟೆ ಕೊಟ್ಟು ಬಾಟಿಕ್ ಅಂತ ಮಾರೋದಾ? ಗಿರಾಕಿಗೆ ಅನ್ಯಾಯ ಅಲ್ವಾ?

ಹೇಳಿ ಮುಗಿಸುವಷ್ಟರಲ್ಲಿ ವಿರ್ಯಾಂತೊಗೇ ಹೊಳೆಯಿತು. ಸಿಕ್ಕ ಬಣ್ಣ ಬಳಿಯುವ, ಜಾಗ ಬಿಡುವ, ಒಂದೇ ಕಡೆ ಒತ್ತುವ ಕಳ್ಳ ವ್ಯಾಪಾರಿಯ ಕೈಗೆ ಬಿದ್ದಿದ್ದರೆ ಈ ಅಂಗಿಗಳು ಚೆನ್ನಾಗಿಯೇ ಬರುತ್ತಿದ್ದವು. ಅವುಗಳ ಕಥೆ ಮುಗಿಸಿದ್ದು ಅವನ ಪ್ರಾಮಾಣಿಕತೆ.

ಅಷ್ಟರಲ್ಲಿ ಬೀಗದ ಕೈ ಗೊಂಚಲಿನ ಸದ್ದಾಯಿತು. ವಾರ್ಸಿನಿ ಹಿತ್ತಿಲ ಕಾರ್ಖಾನೆಯಿಂದ ಬರುತ್ತಿದ್ದಳು. ಗುನಾದಿ ಬೇರೇನೂ ತೋಚದೆ ಅಂಗಿಗಳ ಕಟ್ಟಿನ ಮೇಲೆ ಕುಳಿತುಬಿಟ್ಟ.

ವಾರ್ಸಿನಿ: ಮಾಸ್ ಗುನಾದಿ, ಕುರ್ಚಿ ಖಾಲಿ ಇದೆಯಲ್ಲ.

ಗುನಾದಿ: ಅಂಗಿಗೆ ಇಸ್ತ್ರಿ ಆಗ್ಲಿ ಅಂತ ಕೂತೆ, ಬು.

ವಾರ್ಸಿನಿ: ಹಾಗಾದ್ರೆ ಅಲುಗಾಡ್ಬೇಡಿ, ಸುಕ್ಕಾಗುತ್ತೆ. ರೀ, ಆ ಹಗ್ಗದ ಮೇಲಿನ ಸ್ಲೊಬೊಗ್ ಮೊದಲು ತೆಗೀರಿ. ಎದುರುಮನೆಯಾಕೆ ಆಗಲೇ ಗೇಟಿನ ಹತ್ರ ಬಂದು, ಅಕ್ಕಿ ತರಬೇಕಾ ಅಂತ ಕೇಳಿ ಹೋದಳು.

ಸಾವಿನ ಮನೆಗೆ ಅಕ್ಕಿ ಒಯ್ಯದ ಹೆಂಗಸು ಆ ಕೇರಿಯಲ್ಲಿ ಇರಲಿಲ್ಲ.

ವಿರ್ಯಾಂತೊ: ಅಂದ್ರೆ... ನಿಂಗೆ ಗೊತ್ತಿತ್ತಾ?

ವಾರ್ಸಿನಿ: ಬಟ್ಟೆಯ ಮೊದಲ ತಾನು ಒಣಗೋಕೆ ಹಾಕಿದ ದಿನವೇ.

ವಿರ್ಯಾಂತೊ: ಬಾಯಿ ಬಿಡಬಾರದಿತ್ತಾ?

ವಾರ್ಸಿನಿ: ತಲೆ ಹಾಕಬೇಡ ಅಂದಿದ್ರಿ. ಬಾಯಿ ತಲೆಯಲ್ಲೇ ಇರೋದಲ್ವಾ? ಅಲ್ದೆ ದಿನಾ ಬೆಳಗ್ಗೆ ಟೀ ಕುಡೀತಾ ನೀವಿಬ್ರೂ ಏನು ಮಾತಾಡ್ತೀರಿ? ‘ಬ್ಯಾಕ್‌ಹ್ಯಾಂಡ್ ಇಲ್ಲ, ಕಾಲು ಏಳಲ್ಲ, ಭಾನುವಾರಕ್ಕೆ ಅವಳ ಕಥೆ ಮುಗೀತು.’ ಸರಿ, ಅದಕ್ಕೆ ತಕ್ಕ ಉಡುಪು ಹೊಲಿಸ್ತಿದಾರೆ, ಗಂಡಸರಿಗೂ ಮುಂದಾಲೋಚನೆ ಬಂತು ಅಂತ ಖುಷಿಪಟ್ಟೆ.

ಗುನಾದಿ: ಬು! ಅಭಿಮಾನಿಗಳು ಹಾಗೆ ಮಾತಾಡೋದು ಪ್ರೀತಿಯಿಂದ!

ವಾರ್ಸಿನಿ: ನಾನು ಸುಮ್ಮನಿದ್ದದ್ದೂ ಪ್ರೀತಿಯಿಂದಲೇ.

ವಿರ್ಯಾಂತೊ ನೆಲ ನೋಡಿದ, ಆಕಾಶ ನೋಡಿದ, ಗುನಾದಿಯನ್ನು ನೋಡಿದ. ಗುನಾದಿ ಇಸ್ತ್ರಿಯ ಕೆಲಸದಲ್ಲಿ ತಲ್ಲೀನನಾಗಿದ್ದ.

ವಿರ್ಯಾಂತೊ: ಈಗ... ಸ್ವಲ್ಪ ತಲೆ ಹಾಕು.

ವಾರ್ಸಿನಿ: ಏನಂದ್ರಿ? ಕೇಳಿಸ್ಲಿಲ್ಲ.

ವಿರ್ಯಾಂತೊ: ತಲೆ ಹಾಕು ಅಂದೆ!

ವಾರ್ಸಿನಿ: ಮಾಸ್ ಗುನಾದಿ, ಕೇಳಿಸ್ತಲ್ಲ ನಿಮಗೆ? ಮುಂದೆ ಸಾಕ್ಷಿ ಬೇಕಾಗುತ್ತೆ.

ಅವಳು ಒಳಗಿನಿಂದ ಉಳಿದ ಬಟ್ಟೆಯ ಒಂದು ಪಟ್ಟಿ ತಂದಳು. ಕತ್ತರಿಯಿಂದ ಎರಡು ಬೆರಳಗಲದ ಒಂದೇ ಚೌಕವನ್ನು ಸುತ್ತ ಕತ್ತರಿಸಿ, ಗುನಾದಿಯ ಬಿಳಿ ಅಂಗಿಯ ಎದೆಗೆ ಒತ್ತಿಹಿಡಿದಳು. ರಾಕೆಟ್ಟು ಮರಳಿ ಬಂತು. ಬಾಲುಗಳೂ ಬಂದವು, ನಾಲ್ಕಕ್ಕೆ ನಾಲ್ಕೂ.

ವಾರ್ಸಿನಿ: ಒಂಟಿಯಾಗಿದ್ರೆ ಲೋಗೋ. ಗುಂಪು ಕಟ್ಟಿದ್ರೆ ಸ್ಲೊಬೊಗ್. ಎಲ್ಲರ ಹತ್ರಾನೂ ಬಿಳಿ ಟೆನಿಸ್ ಅಂಗಿ ಇದೆಯಲ್ಲ? ತರೋಕೆ ಹೇಳಿ. ಎದೆಗೊಂದು ಚೌಕ. ಆರು ಜನ ಹೊಲಿಯೋರಿದಾರೆ, ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತೆ.

ಗುನಾದಿ: ಮತ್ತೆ ಶಾಲು?

ವಾರ್ಸಿನಿ: ಸಿಡೊಮುಕ್ತಿ ನಮೂನೆಯದು ಕೊಡ್ತೀನಿ, ಹೊದಿಸಿ.

ಗುನಾದಿ: ಅದು ಮದುಮಗಳಿಗೆ ಉಡಿಸೋದಲ್ವಾ, ಬು?

ವಾರ್ಸಿನಿ: (ಗಂಡನ ಕಡೆ ನೋಡಿ) ಸಾವಿಗಿಂತ ವಾಸಿ. ಸ್ವಲ್ಪ.

ವಿರ್ಯಾಂತೊ: ಅಲ್ಲ, ಈ ನಲವತ್ತು ಅಂಗಿ ಏನ್ಮಾಡೋದು? ಉಳಿದ ಬಟ್ಟೆ?

ವಾರ್ಸಿನಿ: ಅಂಗಿ ನಿಮ್ಮಜ್ಜಿಯ ಆ ಬೇರೆ ಕಪಾಟಿಗೆ ಹೋಗುತ್ತೆ. ಅದರ ಗಿರಾಕಿಗಳು ಚೌಕಾಸಿ ಮಾಡಲ್ಲ. ಬಟ್ಟೆಯಲ್ಲಿ ಎರಡೂವರೆ ಮೀಟರಿನ ಎರಡು ತುಂಡು ಅವತ್ತೇ ಎತ್ತಿಟ್ಟಿದೀನಿ. ಒಳ್ಳೇ ಬಟ್ಟೆ, ಬಣ್ಣ ಗಟ್ಟಿ. ಯಾವತ್ತಿದ್ರೂ ನಿಮ್ಮಿಬ್ರಿಗೂ ಒಂದೊಂದು ಬೇಕಾಗುತ್ತಲ್ಲ.

ವಿರ್ಯಾಂತೊ ತನ್ನ ಎತ್ತರವನ್ನು ಮನಸ್ಸಿನಲ್ಲೇ ಅಳೆದು, ಎರಡೂವರೆ ಮೀಟರು ಧಾರಾಳವಾಯಿತೆಂದು ಒಪ್ಪಿಕೊಂಡ. ಗುನಾದಿ ಮಾತ್ರ ಎದ್ದು ನಿಂತು, ಶಾಲೆಯ ಪ್ರಾರ್ಥನೆಯ ಹೊತ್ತಿನ ಗಾಂಭೀರ್ಯ ತಂದುಕೊಂಡ.

ಗುನಾದಿ: ಬು, ಒಂದು ಉಪಕಾರ ಆಗ್ಬೇಕು. ನನ್ನ ತುಂಡಿನ ಅಂಚಿನಲ್ಲಿ ಮೈಸ್ಕೆ ಹೆಸರು ದಪ್ಪಕ್ಷರದಲ್ಲಿ ಬರೆಸಿಡಿ. ಇಲ್ದಿದ್ರೆ ನೋಡಿದವರು ಬರೀ ಸ್ಲೊಬೊಗ್ ಅಂದ್ಕೊಂಡ್ಬಿಡ್ತಾರೆ.