ಸಮುದ್ರದ ಆಕಳು

ಡಾಕಪ್ಪನಿಗೆ ಆ ದಿನ ಶನಿ ವಕ್ಕರಿಸಿದ್ದು ಅಂಗೈಯಗಲದ ಒಂದು ತಗಡಿನ ಡಬ್ಬಿಯ ರೂಪದಲ್ಲಿ. ಡಬ್ಬಿಯ ಮೈತುಂಬ ಕೋಳಿ ಕೆದರಿದಂಥ ಅಕ್ಷರ, ನಡುವೆ ಬಾಲ ಎತ್ತಿ ನೀರು ಚಿಮ್ಮಿಸುವ ತಿಮಿಂಗಿಲದ ಚಿತ್ರ.

ಕೊಟ್ಟವನು ಫಿರೋಜ್. ಇಬ್ಬರೂ ಮೇಡ್ಲೇರಿಯವರು, ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದ ಏಟು ತಿಂದವರು. ಫಿರೋಜ್ ಈಗ ಹಡಗಿಗೆ ಬಣ್ಣ ಬಳಿಯುವ ಕೆಲಸದಲ್ಲಿದ್ದ. ಡಾಕಪ್ಪ ರಾಣೆಬೆನ್ನೂರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುತ್ತಿದ್ದ. ರಜೆಗೆ ಬಂದ ಫಿರೋಜ್ ಹಿಂದಿನ ಸಂಜೆ ಡಬ್ಬಿಯನ್ನು ಕೈಗಿಟ್ಟು, "ಜಪಾನದಿಂದ ತಂದೇನಿ. ಒಳಗ ತಿಮಿಂಗಿಲ ಐತಿ, ಹುಷಾರ, ಕಚ್ಚೀತು!" ಎಂದು ನಕ್ಕು ಹೋಗಿದ್ದ. ಫಿರೋಜನ ಮಾತಿನಲ್ಲಿ ಚೇಷ್ಟೆ ಎಷ್ಟು, ಖರೇ ಎಷ್ಟು ಎಂಬುದು ಡಾಕಪ್ಪನಿಗೆ ಯಾವ ಕಾಲಕ್ಕೂ ತಿಳಿದದ್ದಿಲ್ಲ.

ಬೇರೆ ಮನೆಯಾಗಿದ್ದರೆ ಚಿಂತೆಯಿರಲಿಲ್ಲ. ಡಾಕಪ್ಪ ಬಾಡಿಗೆಗಿದ್ದದ್ದು ಉಚ್ಚಂಗೆವ್ವನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಅಂಗಳದಲ್ಲಿ ತತ್ತಿಯ ಸಿಪ್ಪೆ ಬಿದ್ದದ್ದು ಕಂಡರೂ ಇಡೀ ಅಂಗಳ ತೊಳೆಸುವ ಮುದುಕಿ ಆಕೆ. ಆದರೆ ಅಷ್ಟು ಅಗ್ಗದ, ಅಷ್ಟು ನೀರಿನ ಮನೆ ಊರಲ್ಲಿ ಇನ್ನೊಂದಿರಲಿಲ್ಲ. ಹಾಗಾಗಿ ಡಾಕಪ್ಪನೂ ಹೆಂಡತಿ ಜಯವ್ವನೂ ಬಂದಾಗಿನಿಂದ ಕಾಳು ಪಲ್ಯ ತಿಂದು ಸಾಧುಗಳಾಗಿದ್ದರು.

ಬೆಳಿಗ್ಗೆ ಹೆಪ್ಪು ಕೇಳಲು ಬಂದ ಉಚ್ಚಂಗೆವ್ವನ ಕಣ್ಣು ನೇರ ಗೋಡೆಯ ಮಾಡದಲ್ಲಿದ್ದ ಡಬ್ಬಿಗೇ ಹೋಯಿತು.

"ಇದೇನಪಾ ಡಾಕಪ್ಪ, ಮೀನಿನ ಚಿತ್ರ?"

"ಮೀನಲ್ಲ ಬೇ ಯವ್ವಾ!" ಡಾಕಪ್ಪ ಗಾಬರಿಯಲ್ಲಿ ಬಾಯಿಬಿಟ್ಟ. "ಅದು... ತಿಮಿಂಗಿಲ."

ಹಳ್ಳ ತಪ್ಪಿಸಲು ಹೋಗಿ ಬಾವಿಗೆ ಬಿದ್ದಿದ್ದ. ಗೋಡೆಯಾಚೆಯಿಂದ ಕನಕಪ್ಪ ಮಾಸ್ತರರ ತಲೆ ಮೇಲೆದ್ದಿತು. ವಿಜ್ಞಾನದ ಮಾಸ್ತರರು, ನೌಕರಿ ಮುಗಿದರೂ ಪಾಠ ಮುಗಿದಿರಲಿಲ್ಲ.

"ಡಾಕಪ್ಪ ಹೇಳೂದು ಖರೇ ಐತಿ. ತಿಮಿಂಗಿಲ ಮೀನಲ್ಲ, ಸಸ್ತನಿ. ಮರಿ ಹಾಕತೈತಿ, ಮರಿಗೆ ಹಾಲು ಕುಡಸತೈತಿ."

"ಹಾಲು ಕುಡಸತೈತಿ?" ಉಚ್ಚಂಗೆವ್ವ ಎದೆಯ ಮೇಲೆ ಕೈಯಿಟ್ಟಳು. "ಹಂಗಾರ ಅದು ಸಮುದ್ರದ ಆಕಳಾ ಆತಲ್ಲೋ!"

"ಹಂಗಲ್ಲ ಬೇ ಯವ್ವಾ, ಇಲಿನೂ ಮರಿಗೆ ಹಾಲು ಕುಡಸತೈತಿ..." ಮಾಸ್ತರರು ತಿದ್ದಲು ಹೋದರು.

"ಇಲಿ ಗಣಪ್ಪನ ವಾಹನ. ಅದನ್ನೂ ತಿನ್ನಂಗಿಲ್ಲ!"

ಸುದ್ದಿ ಓಣಿಗೆ ಬಿತ್ತು. ನೀರಿನ ಟಾಕಿಯ ಹತ್ತಿರ ಹೋಗುವಷ್ಟರಲ್ಲಿ "ಸಮುದ್ರದ" ಎಂಬುದು ಉದುರಿ ಬರೀ "ಆಕಳು" ಉಳಿದಿತ್ತು. ಚಹಾದಂಗಡಿ ಮುಟ್ಟಿದಾಗ ಡಬ್ಬಿ ಹೋಗಿ ಚೀಲವಾಗಿತ್ತು. ಮಧ್ಯಾಹ್ನ ಬಟ್ಟೆ ಅಂಗಡಿಯಲ್ಲಿ ಒಬ್ಬಾಕೆ, "ಅಂವಾ ಮುಟ್ಟಿದ್ದ ಸೀರಿ ಬ್ಯಾಡ್ರಿ, ಬ್ಯಾರೇದವರ ಕಡೆ ತೆಗಿಸ್ರಿ" ಎಂದಳು. ಸಾಹುಕಾರ ಡಾಕಪ್ಪನನ್ನು ಮೂಲೆಗೆ ಕರೆದು, "ಈ ಗದ್ದಲ ಮುಗಿಯೂ ತನಕ ಮನ್ಯಾಗ ಇರಪಾ" ಎಂದ.

ಮನೆಗೆ ಬಂದರೆ ಅಂಗಳದಲ್ಲಿ ಜಾಗವಿರಲಿಲ್ಲ. ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಎಲ್ಲರೂ ಸುತ್ತ ನಿಂತಿದ್ದರು, ಹಾವು ಹೊಕ್ಕ ಬುಟ್ಟಿಯ ಸುತ್ತ ನಿಂತಂತೆ. ಓಣಿಯ ತರುಣರ ಮುಂದಾಳು ಸಿದ್ದೇಶ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದ.

"ಅದು ಸಂರಕ್ಷಿತ ಪ್ರಾಣಿ ಬ್ಯಾರೆ," ಕನಕಪ್ಪ ಮಾಸ್ತರರು ಸೇರಿಸಿದರು. "ಅರಣ್ಯ ಇಲಾಖೆದವರು ಬಂದ್ರ ಜೇಲು."

"ಮಾಸ್ತರ, ಕೈ ಮುಗಿತೇನಿ, ನೀವು ನನ್ನ ಪರವಾಗಿ ಮಾತಾಡಬ್ಯಾಡ್ರಿ," ಎಂದ ಡಾಕಪ್ಪ.

"ಯಾರು ಕೊಟ್ಟಾರ ಇದನ್ನ?" ಸಿದ್ದೇಶ ಮೊಬೈಲನ್ನು ಮುಖದ ಹತ್ತಿರ ತಂದ.

ಹಿಂದಿನಿಂದ ಜಯವ್ವ ಮೆಲ್ಲಗೆ, "ನಾವ ತಗೊಂಡೇವಿ ಅನ್ರಿ," ಎಂದಳು. ಆದರೆ ಡಾಕಪ್ಪನ ಕಣ್ಣಮುಂದೆ ಕೈತಪ್ಪುತ್ತಿದ್ದ ಕೆಲಸ, ಹೋಗಲಿರುವ ಮನೆ ಕುಣಿಯುತ್ತಿದ್ದವು.

"ಫಿರೋಜ್ ಕೊಟ್ಟಾನ," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅಂಜಿದ ಬಾಯಿ ಕೆಟ್ಟ ನಲ್ಲಿಯಿದ್ದ ಹಾಗೆ, ಬಿಟ್ಟರೆ ಬಂದಾಗುವುದಿಲ್ಲ. "ನನಗ ಅವಂಗ ಏನೂ ಸಂಬಂಧ ಇಲ್ರಿ. ಒಂದ ಊರಾಂವ, ಅಷ್ಟ. ಅವರ ಮನ್ಯಾಗ ಒಂದ ಗುಟುಕು ನೀರ ಸೈತ ಕುಡಿದಾಂವ ಅಲ್ಲ ನಾ!"

ಜಯವ್ವ ತಲೆ ತಗ್ಗಿಸಿದಳು. ತಾಯಿ ಸತ್ತ ಡಾಕಪ್ಪನನ್ನು ಫಿರೋಜನ ತಾಯಿ ಚಮನಬಿ ತನ್ನ ಮಗನ ಪಕ್ಕದಲ್ಲೇ ಕೂರಿಸಿ, ರೊಟ್ಟಿ ಮುರಿದು ಹಾಕಿ ಬೆಳೆಸಿದ್ದು ಆಕೆಗೆ ಗೊತ್ತಿತ್ತು.

ಗುಂಪು ಎರಡಾಗಿ ಸರಿಯಿತು. ಸುದ್ದಿ ಕೇಳಿ ಬಂದಿದ್ದ ಫಿರೋಜ್ ಅಲ್ಲಿಯೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಅವನು ಡಾಕಪ್ಪನ ಕಡೆ ನೋಡಲಿಲ್ಲ. "ಒಂದು ಚಮಚ ಕೊಡ್ರಿ," ಎಂದು ಡಬ್ಬಿಯ ಮುಚ್ಚಳ ಕಿತ್ತ. ಒಳಗೆ ಪಾಕದಲ್ಲಿ ಮುಳುಗಿದ ಕಪ್ಪು ಕಾಳು, ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿದ್ದವು. ಒಂದು ಚಮಚ ತಾನೇ ಬಾಯಿಗೆ ಹಾಕಿಕೊಂಡ. ಕನಕಪ್ಪ ಮಾಸ್ತರರು ಅಕ್ಷರಗಳ ಮೇಲೆ ಮೊಬೈಲು ಹಿಡಿದು ಕನ್ನಡ ಮಾಡಿಸಿ ನೋಡಿದರು. "ಸಿಹಿ ಕಪ್ಪು ಕಾಳು ಅಂತ ಐತಲ್ಲೋ! ತಿಮಿಂಗಿಲ ಬರೀ ಕಂಪನಿ ಗುರ್ತು!" ಎಂದು ತಾವೊಂದು ಚಮಚ ತಿಂದರು. ಉಚ್ಚಂಗೆವ್ವ ಅಂಜುತ್ತಂಜುತ್ತ ಎರಡು ಕಾಳು ಬಾಯಿಗಿಟ್ಟು, "ಅಯ್ಯ, ಹೋಳಿಗಿ ಹೂರಣ ಇದ್ದಂಗ ಐತಿ!" ಎಂದಳು. ಚಮಚ ಅಂಗಳ ಸುತ್ತಿತು. ಸಿದ್ದೇಶ ಮೊಬೈಲು ಕಿಸೆಗೆ ಹಾಕಿ ಎರಡು ಸಲ ಕಾಳು ಹಾಕಿಸಿಕೊಂಡ.

ಡಾಕಪ್ಪನಿಗೆ ಹೋದ ಜೀವ ಬಂದಂತಾಯಿತು. ಹಲ್ಲು ಕಿರಿಯುತ್ತ ಗೆಳೆಯನ ಹೆಗಲಿಗೆ ಕೈ ಹಾಕಲು ಹೋದ. "ಲೇ ದೋಸ್ತ, ಕಾಳು ಅಂತ ಮೊದಲ ಹೇಳಬಾರದೇನಲೇ?"

ಫಿರೋಜ್ ಹೆಗಲು ಸರಿಸಿದ. "ಮಾಲಕರು ಮೀನು ಮಾಂಸ ಒಲ್ಲರು ಅಂತ ನೀನ ಹೇಳಿದ್ದಿ. ನಿನಗ ತ್ರಾಸ ಆಗಬಾರದಂತ ಬಂದರದಾಗ ಅಂಗಡಿ ಅಂಗಡಿ ತಿರುಗಿ ಇದನ್ನ ಹುಡುಕಿದ್ದೆ. ತಿಮಿಂಗಿಲ ಅಂದದ್ದು ನೀ ನಗಲಿ ಅಂತ." ಹೊರಡಲು ತಿರುಗಿದ. "ನಿನಗ ಅಷ್ಟು ವರ್ಷ ಊಟಕ್ಕ ಹಾಕಿದಾಕಿಗೆ ಹೇಳತೇನಿ, ನೀ ನಮ್ಮನ್ಯಾಗ ನೀರೂ ಕುಡಿದಿಲ್ಲಂತ."

ಅವನು ಹೋದ. ಗೆಳೆಯ ಹೋದರೂ ಮನೆಯಾದರೂ ಉಳಿಯಿತಲ್ಲ ಎಂದುಕೊಂಡು ಡಾಕಪ್ಪ ಉಚ್ಚಂಗೆವ್ವನ ಕಡೆ ತಿರುಗಿದ.

ಉಚ್ಚಂಗೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಕಾಳು ಛಲೋ ಇದ್ವಪಾ. ಆ ಹುಡುಗನೂ ಛಲೋ ಅದಾನ. ನೀ ಮಾತ್ರ ಉಂಡ ಮನ್ಯಾಗ ನೀರೂ ಕುಡಿದಿಲ್ಲ ಅಂದಾಂವ. ನಾಳೆ ನಮ್ಮ ಮನಿ ಬಗ್ಗೆ ಏನಂತೀಯೋ ಯಾರಿಗ್ಗೊತ್ತು? ಇಂಥಾವರನ್ನ ಇಟಗೊಳ್ಳಾಕ ನನಗ ಧೈರ್ಯ ಇಲ್ಲ. ಬ್ಯಾರೆ ಮನಿ ನೋಡ್ಕೋ."

"ಖರೇ ಅಂದಿ ಬೇ ಯವ್ವಾ," ಸಿದ್ದೇಶ ಚಮಚ ನೆಕ್ಕುತ್ತ ಹೇಳಿದ. "ಮನಷ್ಯಾಗ ನಿಯತ್ತು ಇರಬೇಕು." ಕನಕಪ್ಪ ಮಾಸ್ತರರು ಡಬ್ಬಿಯ ತಳ ಕೆರೆಯುತ್ತ ಹೌದೌದೆಂದು ತಲೆಯಾಡಿಸಿದರು.

ಡಾಕಪ್ಪ ಏನೋ ಹೇಳಲು ಹೋದ. ಒಳಗೆ ಆಗಲೇ ಪಾತ್ರೆಗಳನ್ನು ಒಂದರೊಳಗೊಂದು ಇಡುತ್ತಿದ್ದ ಜಯವ್ವ ಅಲ್ಲಿಂದಲೇ ಅಂದಳು:

"ಇನ್ನ ಬಾಯಿ ಬಿಡಬ್ಯಾಡ್ರಿ. ಸಾಕು."