ಜನರಲ್ ಸಾಹೇಬರ ಮನಿ ಕಾಯೋದು

ಬೊಂಬಿ ಇರೋ ಮನಿ ಕಾಯೋದು ಸಸಾರ ಅಂತ ತಿಳಕೊಂಡಿದ್ನಿ. ದಿನಾ ಒಂದ ಫಜೀತಿ!

ಬಾಗಲಕೋಟಿ ಹಳೇ ವಾಡೇದಾಗ ಈಗ ವಸ್ತುಸಂಗ್ರಹಾಲಯ ಐತಿ. ಜನರಲ್ ಸಾಹೇಬರು ಯುದ್ಧಕ್ಕ ಹೋದಾಗ ಮನಿ ಹೆಂಗಿತ್ತೋ ಹಂಗ ಇಟ್ಟಾರ. ಪಡಸಾಲ್ಯಾಗ ಅವರ ಅಪ್ಪನ ಬೊಂಬಿ, ಅಡಗಿಮನ್ಯಾಗ ಇಳಕಲ್ಲ ಸೀರಿ ಉಟ್ಟ ಹೆಂಡ್ತಿ ಬೊಂಬಿ. ಯಾರೂ ಮುಟ್ಟದಂಗ ನೋಡೋದು ನನ್ನ ಕೆಲಸ.

ಅಪ್ಪ

ಕಮತಗಿ ಮುತ್ಯಾ ಒಬ್ರು ಹೊಸ್ತಿಲ ಹೊರಗ ಚಪ್ಪಲಿ ಬಿಟ್ರು.

"ಹಾಕ್ಕೊಂಡ ಬರ್ರಿ ಮುತ್ಯಾ, ನಡೀತೈತಿ" ಅಂದ್ನಿ.

"ಹಿರ್ಯಾರು ಕುಂತಾರಲ್ಲವಾ!" ಅಂದವ್ರು ಸೀದಾ ಬೊಂಬಿ ಮುಂದ ಹೋಗಿ, "ಮಗನ ಸುದ್ದಿ ಬಂತೇನ್ರಿ?" ಅಂತ ಕೇಳಿ ನಿಂತ್ರು. ನನ್ನ ಕಡೆ ಹೊಳ್ಳಿ, "ಪಾಪ, ಬಂದಂಗಿಲ್ಲ" ಅಂದ್ರು.

ರೊಟ್ಟಿ

ಅಡಗಿಮನಿ ಬುಟ್ಟ್ಯಾಗ ಗಚ್ಚಿನಾಗ ಮಾಡಿದ ರೊಟ್ಟಿ ಅದಾವು. ಬದಾಮಿ ಕಡಿ ಅಕ್ಕ ಒಬ್ಬಾಕಿ, "ಖಡಕ್ ರೊಟ್ಟಿ ಅಂದ್ರ ಹಿಂಗಿರಬೇಕ ನೋಡು" ಅಂತ ಒಂದ ತುಂಡ ಮುರದು ಬಾಯಾಗ ಹಾಕ್ಕೊಂಡ್ಲು. ನಾ ಓಡಿ ಹೋಗೂದ್ರಾಗ ಕಟುಂ ಅಂತು.

ಅಕಿ ಸೋಲಲಿಲ್ಲ. "ಹಿಟ್ಟ ಜರಾ ಹಳೇದೈತಿ" ಅಂದ್ಲು.

ವಸ್ತುಸಂಗ್ರಹಾಲಯ ನಡಸೋ ನಮ್ಮ ಸಾಹೇಬ್ರು ಮೈಸೂರ ಕಡಿಯವರು. "ಇನ್ನೊಂದು ಸಲ ಯಾರಾದರೂ ಏನಾದರೂ ಮುಟ್ಟಿದರೆ ನಾಳೆಯಿಂದ ನೀವು ಬರಬೇಡಿ" ಅಂದ್ರು.

ಹಣಿ

ಮುಂದಿನ ವಾರನ ಚೊಳಚಗುಡ್ಡದ ಅಮ್ಮ ಒಬ್ಬಾಕಿ ಬಂದ್ಲು. ಹೆಂಡ್ತಿ ಬೊಂಬಿ ನೋಡಿ ಕೆಂಡಾಮಂಡಲ ಆದ್ಲು.

"ಗಂಡ ಯುದ್ಧದಾಗ ಜೀವಂತ ಅದಾನ. ಇಕಿ ಹಣಿ ಯಾಕ ಬೋಳ ಇಟ್ಟೀರಿ? ನಿಮ್ಮ ಕೈ ಸೇದಿ ಹೋಗಲಿ!"

ನಾ ಬ್ಯಾಡ ಅನ್ನೂದ್ರಾಗ ಬನಶಂಕರಿ ಗುಡಿ ಕುಂಕುಮದ ಪೊಟ್ಟಣ ಬಿಚ್ಚಿ ಹಚ್ಚೇ ಬಿಟ್ಲು. "ಈಗ ಬರ್ತಾನ ತಗೋ" ಅಂತ ಬೊಂಬಿ ಗಲ್ಲಾ ಸವರಿ ಹೋದ್ಲು.

ಒರಸಬೇಕಂತ ಹಸಿ ಅರಬಿ ತಂದ್ನಿ. ಕೈ ಮ್ಯಾಲ ಏಳವಲ್ದು. ನನ್ನ ಮನಿಯವರೂ ಮಿಲಿಟರ್ಯಾಗ ಅದಾರ್ರಿ, ಗಡಿ ಮ್ಯಾಲ. ಆ ವಾರ ಫೋನ್ ಬಂದಿರಲಿಲ್ಲ.

ಅಷ್ಟ್ರಾಗ ಸಾಹೇಬ್ರು ಬಂದ್ರು. "ಯಾರು ಮುಟ್ಟಿದ್ದು? ಒರೆಸಿ."

"ನೌಕರಿ ಹೋದ್ರ ಹೋಗ್ಲಿರಿ. ಸಿಪಾಯಿ ಹೆಂಡ್ತಿ ಕುಂಕುಮ ನಾ ಒರಸಂಗಿಲ್ಲ."

"ಕೊಡಿ ಇಲ್ಲಿ" ಅಂತ ಅರಬಿ ಕಸಗೊಂಡು ಬೊಂಬಿ ಹತ್ರ ಹೋದ್ರು. ಕೈ ಎತ್ತಿದ್ರು. ಹಂಗ ನಿಂತ್ರು. ಒಮ್ಮೆ ನನ್ನ ಹಣಿ ನೋಡಿದ್ರು, ಒಮ್ಮೆ ಅಕಿ ಹಣಿ ನೋಡಿದ್ರು. ಆಮ್ಯಾಲ ಅರಬಿ ನನ್ನ ಕೈಯಾಗ ತುರುಕಿ ಸಿಟ್ಟಲೇ ಅಂದ್ರು:

"ಏನ್ರೀ ಇದು, ಸೊಟ್ಟಗಿದೆ! ಸರಿಯಾಗಿ ದುಂಡಗೆ ಇಡಿ."