ಸೀಸೆಯ ಜೊತೆ ಹೋದ ಸಕ್ಕರೆ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಶುದ್ಧ ಸುಳ್ಳು. ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ! ಎಂಬತ್ತರ ದಶಕದಲ್ಲಿ ನಾನು ಹೊಸೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದೆ. ಅಲ್ಲಿನ ತೀವ್ರ ನಿಗಾ ವಾರ್ಡಿಗೆ ರಕ್ತದ ಸಕ್ಕರೆ ನೋಡುವ ಸಣ್ಣ ಪಟ್ಟಿಗಳು ಬಂದಾಗಿನಿಂದ ಸಿಟ್ಟು ನನ್ನಲ್ಲೇ ಬಿಡಾರ ಹೂಡಿತು. ಬೆರಳು ಚುಚ್ಚಿ ಒಂದು ಹನಿ ರಕ್ತ ಹಚ್ಚಿದರೆ ಪಟ್ಟಿಯ ಬಣ್ಣ ತಿರುಗುತ್ತದೆ. ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ, ಸಕ್ಕರೆ ಎಷ್ಟೆಂದು ಮಂಚದ ಪಕ್ಕದಲ್ಲೇ ಹೇಳಬಹುದು. ಲ್ಯಾಬಿಗೆ ಓಡುವುದು ತಪ್ಪಿತು, ಸಂತೋಷ. ಬರೆದಿಡುವುದೂ ತಪ್ಪಿಹೋಯಿತು! ಲಾಂಡ್ರಿಯವನು ಅಂಗಿಯ ಕಾಲರಿಗೂ ಗುರುತು ಹಾಕುತ್ತಾನೆ. ಮನುಷ್ಯರ ರಕ್ತಕ್ಕೆ ಅಷ್ಟೂ ಬೇಡವೇ?

ಒಂದು ಮಧ್ಯಾಹ್ನ ಇನ್ಯಾರದೋ ರಕ್ತ ತೆಗೆಯಲು ಆ ವಾರ್ಡಿಗೆ ಹೋಗಿದ್ದೆ. ಡೆಂಕಣಿಕೋಟೆ ಕಡೆಯ ಮುನಿಯಕ್ಕನೆಂಬ ಮುದುಕಿ, ಸಕ್ಕರೆ ವಿಪರೀತ ಏರಿ ಬೆಳಿಗ್ಗೆ ಬಂದವಳು, ಪ್ರಜ್ಞೆಯಿಲ್ಲದೆ ಮಲಗಿದ್ದಳು. ಸಕ್ಕರೆ ಇಳಿಸಲು ಒಮ್ಮೆ ಇನ್ಸುಲಿನ್ ಕೊಟ್ಟಾಗಿತ್ತು. ಡಾಕ್ಟರು ಅದರದೇ ಇನ್ನೊಂದು ಸೂಜಿ ಹಿಡಿದು ನಿಂತಿದ್ದರು. ಫ್ಯಾಕ್ಟರಿಯ ಖಾಕಿಯಲ್ಲೇ ಓಡಿಬಂದಿದ್ದ ಅವಳ ಮಗ ವೆಂಕಟೇಶ, "ಸಾ, ನಮ್ಮವ್ವುಂಗೆ ಸಕ್ರೆ ಇಳೀತಾ? ಯಾಕ್ ಸಾ ಹಿಂಗ್ ಬೆವುರ್ತಾವ್ಳೆ?" ಎಂದ.

"ಈಗ ಎಷ್ಟಿದೆ ಸಾರ್?" ಎಂದು ನಾನೂ ಕೇಳಿದೆ.

ಡಾಕ್ಟರು ತಮ್ಮ ಅಂಗೈ ನೋಡಿಕೊಂಡರು. ಅಲ್ಲೇ ಬರೆದುಕೊಂಡಿದ್ದರಂತೆ, ಊಟಕ್ಕೆ ಕೈ ತೊಳೆದಿದ್ದರು. ಅವರ ನಂತರ ನರ್ಸ್ ಸೆಲ್ವಿ ಇನ್ನೊಮ್ಮೆ ನೋಡಿದ್ದಳು. "ಎಳುದಿಯಾಚ್ಚು ಸಾರ್, ಬರ್ದಾಯ್ತು" ಎಂದು ತಮಿಳು ಬೆರೆಸಿ ಹೇಳಿದಳು.

"ಎಲ್ಲಮ್ಮಾ?"

"ಸಲೈನ್ ಸೀಸೆ ಮೇಲೆ. ಪ್ಲಾಸ್ಟರ್ ಅಂಟ್ಸಿ."

ಆ ಸೀಸೆ ಖಾಲಿಯಾಗಿ, ಆಯಾ ಅದನ್ನು ಎತ್ತಿಕೊಂಡು ಹೋಗಿ, ಹೊಸ ಸೀಸೆ ತೂಗುತ್ತಿತ್ತು.

ನನ್ನ ತಲೆ ಕಾದ ಹೆಂಚಾಯಿತು. "ಸೂಜಿ ಕೆಳಗಿಡಿ ಸಾರ್! ಅಂಗೈಯೇನು ಆಸ್ಪತ್ರೆಯ ದಫ್ತರವೇ? ಈ ಮುದುಕಿಯ ಪ್ರಾಣ ಕಸದ ಬುಟ್ಟಿಯಲ್ಲಿದೆಯೇ?" ಎಂದು ಅಬ್ಬರಿಸುತ್ತಲೇ ಅವಳ ಬೆರಳು ಚುಚ್ಚಿದೆ. ಪಟ್ಟಿಯ ಬಣ್ಣ ತಿರುಗಲೇ ಇಲ್ಲ. ಡಾಕ್ಟರ ಮುಖದ ಬಣ್ಣ ತಿರುಗಿತು. ಸಕ್ಕರೆ ಆಗಲೇ ಪಾತಾಳ ಸೇರಿತ್ತು. ಆ ಸೂಜಿ ಹಾಕಿದ್ದರೆ ಮುನಿಯಕ್ಕ ಮತ್ತೆ ಏಳುತ್ತಿರಲಿಲ್ಲ.

ಡಾಕ್ಟರು ತಕ್ಷಣ ನರಕ್ಕೆ ಗ್ಲೂಕೋಸ್ ಏರಿಸಿದರು. ನಾನು ಮಾತು ನಿಲ್ಲಿಸಲಿಲ್ಲ. ಅಂಗೈ, ಪ್ಲಾಸ್ಟರು, ಸೀಸೆ, ಆಡಳಿತ, ಯಾರನ್ನೂ ಬಿಡದೆ ಬೈದೆ. ಅದು ಸಿಟ್ಟೋ ಭಯವೋ ಇಂದಿಗೂ ತಿಳಿಯದು.

ಅಷ್ಟರಲ್ಲಿ ಮುನಿಯಕ್ಕ ಕಣ್ಣು ಬಿಟ್ಟಳು. "ಅವ್ವಾ!" ಎಂದು ಬಾಗಿದ ಮಗನನ್ನೂ, ಹಣೆ ಒರೆಸಿಕೊಳ್ಳುತ್ತಿದ್ದ ಡಾಕ್ಟರನ್ನೂ ದಾಟಿ ಅವಳ ದೃಷ್ಟಿ ನೇರವಾಗಿ ನನ್ನ ಮೇಲೆ ಬಿತ್ತು.

"ಯಾವನ್ಲಾ ವೆಂಕ್ಟೇಸ ಅವ್ನು, ಹೊಲ್ದಾಗೆ ಆನೆ ಓಡ್ಸೋನಂಗೆ ಕಿರುಚ್ತಾವ್ನೆ? ಆಚೀಕೆ ಕಳ್ಸ್ಲಾ!"

ಆ ವಾರ್ಡಿನಲ್ಲಿ ಯಾವ ಅಪ್ಪಣೆಯೂ ಅಷ್ಟು ಬೇಗ ಜಾರಿಗೆ ಬಂದದ್ದನ್ನು ನಾನು ಕಂಡಿಲ್ಲ. ಸೆಲ್ವಿ ನಗುತ್ತಾ ಬಾಗಿಲು ತೆರೆದು ಹಿಡಿದಳು. ಹೊರಗೆ ಬಂದ ಮೇಲೂ ನಾನು ಬೈಯುತ್ತಲೇ ಇದ್ದೆ, ಆದರೆ ಮುದುಕಿಗೆ ಕೇಳಿಸದಷ್ಟು ಮೆಲ್ಲಗೆ.